ಟಾಂಗಾದ ಮುಂದಿನ ಜಾಗ

“ಲಗಾಮು ಹಿಡಕೊಂಡು ಮುಂದ ಕುಂತೀಯಲ್ಲ, ಹಿಂದ ಹೋಗು!” ಟಾಂಗಾ ಹೊಡೆಯುವ ಯಾಕೂಬಸಾಬ ಹೆಂಡತಿಗೆ ಗದರಿದ. ಸಿಂದಗಿಯ ಟೂರಿಂಗ್ ಟಾಕೀಸಿನಲ್ಲಿ ಮೊದಲ ಆಟ ಆಗಷ್ಟೇ ಬಿಟ್ಟಿತ್ತು. ರಮಜಾನಬಿ ಅಲುಗಾಡಲಿಲ್ಲ. ಸಿನಿಮಾದ ನಾಯಕಿ ರೇಸಿನ ಕುದುರೆ ಏರಿ, ಕೆಣಕಿದ ನಾಯಕನನ್ನೇ ಹಿಂದೆ ಹಾಕಿದಾಗ ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹೊಡೆದವನು ಇದೇ ಗಂಡ. ಹೆಂಗಸರ ಕಡೆ ಕೂತಿದ್ದ ಅವಳಿಗೂ ಅದು ಕೇಳಿಸಿತ್ತು. ಅದನ್ನೇ ಈಗ ಅವನಿಗೆ ನೆನಪಿಸಿದಳು.

“ಹುಚ್ಚಿ, ಅದು ಸಿನಿಮಾ. ಹೆಂಗಸು ಟಾಂಗಾ ಹೊಡದ್ರ ಮಂದಿ ನಿಂತು ನೋಡ್ತಾರ.”

ಮದುವೆಯಾಗಿ ಬಂದಾಗಿನಿಂದ ಈ ಕುದುರೆಗೆ ಹುರುಳಿ ನೆನೆಸಿದವಳು, ಮೈ ತಿಕ್ಕಿದವಳು ಅವಳೇ. ಲಗಾಮು ಮಾತ್ರ ಇವತ್ತೇ ಕೈಗೆ ಬಂದಿತ್ತು. ಟೆಂಟಿನಿಂದ ಹೊರಬಿದ್ದ ಗಂಡಸರು ಆಗಲೇ ಸುತ್ತ ನೆರೆದಿದ್ದರು.

“ಒಳಗ ಟಿಕೀಟ ತಗೊಂಡು ನೋಡ್ಯಾರ, ಇಲ್ಲಿ ಪುಕ್ಕಟ ನೋಡ್ಲಿ,” ಎಂದು ರಮಜಾನಬಿ ಲಗಾಮು ಝಾಡಿಸಿದಳು. “ನೀವು ಬರೋದಿದ್ರ ಹಿಂದ ಹತ್ರಿ.”