ಎದೆಯ ಜೇಬಿನ ಹಕ್ಕಿ

ಎರಡನೆಯ ನೀರಿನ ಕ್ಯಾನನ್ನು ಹೆಗಲಿಗೇರಿಸುವಾಗ ಚೆಂಚೊನ ಅಂಗಿಯ ಜೇಬಿನಲ್ಲಿದ್ದ ಸತ್ತ ಹಕ್ಕಿ ಮಿಸುಕಿತು. ಭ್ರಮೆ ಇರಬೇಕು ಅಂದುಕೊಂಡು ಎರಡು ಹೆಜ್ಜೆ ಹಾಕಿದ. ಮತ್ತೆ ಮಿಸುಕಿತು. ಈ ಸಲ ಸೂಜಿಯಂಥ ಕೊಕ್ಕು ಬಟ್ಟೆಯೊಳಗಿಂದ ಅವನ ಎದೆಗೇ ಚುಚ್ಚಿತು. ಕ್ಯಾನನ್ನು ಮೆಲ್ಲಗೆ ಅಂಗಳದ ಕಲ್ಲಿನ ಮೇಲೆ ಇಳಿಸಿ, ಬೆರಳಿನಿಂದ ಜೇಬು ಅಗಲಿಸಿ ನೋಡಿದ. ಹೆಬ್ಬೆರಳಿನಷ್ಟೇ ಇದ್ದ, ರೆಕ್ಕೆ ಝೇಂಕರಿಸುತ್ತ ಹೂವಿನ ಜೇನು ಹೀರುವ ಆ ಝೇಂಕಾರದ ಹಕ್ಕಿ ಒಂದು ಕಣ್ಣನ್ನು ಅರ್ಧ ತೆರೆದು ಅವನನ್ನೇ ನೋಡುತ್ತಿತ್ತು.

ಸ್ವಲ್ಪ ಹೊತ್ತಿನ ಹಿಂದೆ ಅದು ಕಲ್ಲಿನಂತೆ ತಣ್ಣಗಿತ್ತು. ಮೆಕ್ಸಿಕೋದ ಎತ್ತರದ ನಾಡು ತ್ಲಸ್ಕಾಲದ ಜನವರಿ ಚಳಿ. ಗಂಡ ತೀರಿಹೋದ ಮೇಲೆ ಅತ್ತೆಯ ಜೊತೆಗಿದ್ದ ಎರ್ಲಿಂಡಾ ಹಕ್ಕಿಗಳಿಗೆಂದು ಅಂಗಳದಲ್ಲಿ ತೂಗುಹಾಕಿದ್ದ ಸಕ್ಕರೆ ನೀರಿನ ಬಾಟಲಿ ಹೆಪ್ಪುಗಟ್ಟಿತ್ತು. ಪಕ್ಕದ ತಂತಿಯಲ್ಲಿ ಈ ಹಕ್ಕಿ ತಲೆಕೆಳಗಾಗಿ ಜೋತಾಡುತ್ತಿತ್ತು. ಸಂತೆಯಲ್ಲಿ ಬೇರುನಾರು ಮಾರುವ ಮುದುಕಿ ಚೆಂಚೊನಿಗೆ ಹೇಳಿದ್ದಳು: ಸತ್ತ ಝೇಂಕಾರದ ಹಕ್ಕಿಗೆ ಕೆಂಪು ದಾರ ಸುತ್ತಿ ಎದೆಯ ಹತ್ತಿರ ಇಟ್ಟುಕೋ, ಮನಸ್ಸಿನಲ್ಲಿರುವ ಹೆಂಗಸು ತಾನಾಗಿ ಒಲಿಯುತ್ತಾಳೆ. ಆ ಮುದುಕಿಯ ಬುಟ್ಟಿಯಲ್ಲೇ ಒಣಗಿದ ಹಕ್ಕಿಗಳಿದ್ದವು, ಕವಣೆಯಲ್ಲಿ ಹೊಡೆದು ಕೊಂದಂಥವು. ಎರ್ಲಿಂಡಾ ಅಷ್ಟು ಅಕ್ಕರೆಯಿಂದ ನೋಡಿಕೊಳ್ಳುವ ಜೀವವನ್ನು ಹಾಗೆ ಕೊಂಡು ತರಲು ಅವನಿಗೆ ಮನಸ್ಸು ಬಂದಿರಲಿಲ್ಲ. ಆದರೆ ಇದು ತಾನಾಗಿಯೇ ಸತ್ತದ್ದು, ಅದೂ ಅವಳದೇ ಅಂಗಳದಲ್ಲಿ! ನಲವತ್ತು ದಾಟಿದ ಒಂಟಿ ಗಂಡಸು, ಮೂರು ವರ್ಷದಿಂದ ಈ ಮನೆಗೆ ನೀರು ಹೊತ್ತರೂ "ಎಲ್ಲಿಡಲಿ?" ಎಂಬುದನ್ನು ದಾಟಿ ಮಾತಾಡಿದವನಲ್ಲ. ದೇವರೇ ಕಣ್ಣು ಬಿಟ್ಟ ಅಂದುಕೊಂಡು, ದಾರ ಆಮೇಲೆ ಸುತ್ತಿದರಾಯಿತೆಂದು ಹಕ್ಕಿಯನ್ನು ಜೇಬಿಗಿಳಿಸಿದ್ದ.

ಈಗ ಕಣ್ಣು ಬಿಟ್ಟದ್ದು ಹಕ್ಕಿ.

ಸದ್ದಿಲ್ಲದೆ ಹೂಕುಂಡದ ಮರೆಯಲ್ಲಿಟ್ಟು ಹೋಗಿಬಿಡಲೇ ಎಂದು ಯೋಚಿಸಿದ. ಹಕ್ಕಿ ಬಾಯಿ ತೆರೆಯಿತು, ಮುಚ್ಚಿತು, ಕತ್ತು ಒಂದು ಕಡೆಗೆ ವಾಲಿತು. ಅವನ ಮೈಬಿಸಿಗೆ ಎಚ್ಚೆತ್ತ ಜೀವಕ್ಕೆ ಕುಡಿಯಲು ಏನೂ ಇರಲಿಲ್ಲ. ಬಾಟಲಿಯಲ್ಲಿದ್ದದ್ದು ಬರೀ ಮಂಜುಗಡ್ಡೆ. ಅಡುಗೆಮನೆಯಿಂದ ಸಕ್ಕರೆ ಕುದಿಯುವ ವಾಸನೆ ಬರುತ್ತಿತ್ತು. ಚೆಂಚೊ ಟೊಪ್ಪಿ ತೆಗೆದು ಬಾಗಿಲಿಗೆ ಹೋದ. ಹೊಸ್ತಿಲ ಬಳಿ ಎರ್ಲಿಂಡಾಳ ಅತ್ತೆ ತೊಮಾಸಾ ಕೂತು, ಪಲ್ಯಕ್ಕೆ ಪಾಪಾಸುಕಳ್ಳಿಯ ಮುಳ್ಳು ಹೆರೆಯುತ್ತಿದ್ದಳು.

"ಎರ್ಲಿಂಡಾ ಅವ್ರೇ, ಒಂಚೂರು ಸಕ್ಕರೆ ನೀರು ಬೇಕಿತ್ತು."

"ಯಾರಿಗೆ, ನಿಮಗಾ?" ಒಲೆಯ ಮುಂದಿದ್ದ ಎರ್ಲಿಂಡಾ ನಗುತ್ತ ತಿರುಗಿದಳು.

ಅವನು ಜೇಬು ಅಗಲಿಸಿ ತೋರಿಸಿದ.

ಅವಳ ನಗು ನಿಂತಿತು. ಹಕ್ಕಿಯನ್ನು ಮೆತ್ತಗೆ ಎತ್ತಿ ಬೊಗಸೆಯಲ್ಲಿ ಮುಚ್ಚಿ ಬಿಸಿಯುಸಿರು ಊದಿದಳು. ಚಮಚದಲ್ಲಿ ಸಕ್ಕರೆ ನೀರು ತೆಗೆದು, ಆರಿಸಿ, ಬೆರಳಿಟ್ಟು ನೋಡಿ, ಕೊಕ್ಕಿನ ತುದಿಗೆ ತಾಗಿಸಿದಳು. ತುಸು ಹೊತ್ತು ಏನೂ ಆಗಲಿಲ್ಲ. ಆಮೇಲೆ ನೂಲಿನೆಳೆಯಂಥ ನಾಲಗೆ ಹೊರಬಂತು. ಒಮ್ಮೆ ನೆಕ್ಕಿತು, ತಡೆಯಿತು, ಆಮೇಲೆ ಬಿಡದೆ ನೆಕ್ಕತೊಡಗಿತು.

"ಸತ್ತೇಹೋಗಿದೆ ಅನ್ಕೊಂಡಿದ್ದೆ," ಅಂದ ಚೆಂಚೊ.

"ಚಳಿ ಜಾಸ್ತಿಯಾದ್ರೆ ಹೀಗೇ ಮರಗಟ್ಟಿ ಮಲಗ್ತವೆ. ಬಿಸಿಲು ಬಿದ್ರೆ ಏಳ್ತವೆ. ಎಲ್ಲಿತ್ತು?"

"ಅಲ್ಲೇ, ನಿಮ್ಮ ತಂತೀಲಿ."

"ತಂತೀಲಿದ್ದದ್ದು ನಿಮ್ಮ ಜೇಬಿಗ್ಯಾಕೆ ಬಂತು?"

ಚೆಂಚೊ ಟೊಪ್ಪಿಯನ್ನು ಕೈಯಲ್ಲಿ ತಿರುಗಿಸಿದ. ತೊಮಾಸಾ ಕಿಸಕ್ಕನೆ ನಕ್ಕಳು. "ಅಯ್ಯೋ ಪೆದ್ದಿ, ಗಂಡಸಾದವ್ನು ಸತ್ತ ಹಕ್ಕೀನ ಜೇಬಲ್ಲಿ ಯಾಕೆ ಇಟ್ಕೋತಾನೆ? ಲೋ, ಎಲ್ಲೋ ಕೆಂಪು ದಾರ?"

ಅವನು ಪ್ಯಾಂಟಿನ ಜೇಬಿನಿಂದ ದಾರದ ಉಂಡೆ ತೆಗೆದು ತೋರಿಸಬೇಕಾಯಿತು.

ಎರ್ಲಿಂಡಾಳ ಮುಖ ಕಪ್ಪಿಟ್ಟಿತು. "ನಾನು ಇವಕ್ಕೆ ಹೊಟ್ಟೆಗೆ ಹಾಕೋದು ನೀವು ಯಾವಳನ್ನೋ ಬಲೆಗೆ ಕೆಡವ್ಲಿ ಅಂತಲ್ಲ," ಅಂದಳು. "ಯಾರಂತೆ ಆ ಪುಣ್ಯಾತ್ಗಿತ್ತಿ?"

"ಎಲ್ಲಾ ಮನೇಲೂ ಕ್ಯಾನನ್ನ ಬಾಗಿಲಲ್ಲೇ ಇಟ್ಟು ಬರ್ತೀನಿ," ಅಂದ ಚೆಂಚೊ. "ಇಲ್ಲಿ ಮಾತ್ರ ಒಳಗೆ ತಂದಿಡ್ತೀನಿ." ಅಷ್ಟು ಹೇಳುವಷ್ಟರಲ್ಲಿ ಆ ಚಳಿಯಲ್ಲೂ ಬೆವೆತುಹೋಗಿದ್ದ.

ಮುಳ್ಳು ಹೆರೆಯುವ ಚಾಕುವಿನ ಸದ್ದು ನಿಂತಿತು. ಎರ್ಲಿಂಡಾ ನೋಡಿದ್ದು ಚೆಂಚೊನನ್ನಲ್ಲ, ಅತ್ತೆಯನ್ನು. ಆರು ವರ್ಷದ ಹಿಂದೆ ತೀರಿಹೋದ ಎರ್ಲಿಂಡಾಳ ಗಂಡ ಈ ಮುದುಕಿಯ ಒಬ್ಬನೇ ಮಗ. ಅಂದಿನಿಂದ ಈ ಮನೆಯಲ್ಲಿ ಇವಳಿಗೆ ಅವಳು, ಅವಳಿಗೆ ಇವಳು. ಚೆಂಚೊ ಕ್ಯಾನನ್ನೂ ಕೆಲಸವನ್ನೂ ಬಿಟ್ಟು ಊರೇ ಬಿಟ್ಟು ಓಡಿಹೋಗಬೇಕು ಅಂದುಕೊಂಡ.

ತೊಮಾಸಾ ಚಾಕುವನ್ನು ಮಡಿಲ ಬಟ್ಟೆಗೆ ಒರೆಸಿದಳು. ಬೇಕೆಂದೇ ನಿಧಾನವಾಗಿ, ಎರಡೂ ಬದಿ.

"ಲೋ ಚೆಂಚೊ, ನಿಂಗ್ಯಾಕೋ ಮಾಟ ಮದ್ದು? ನಾವಿಬ್ಬರು ಹೆಂಗಸರು ವಾರಕ್ಕೆ ಎಷ್ಟು ನೀರು ಕುಡಿದೇವು? ಒಂದು ಕ್ಯಾನು ಮುಗಿಯೋದೇ ಕಷ್ಟ. ಇವಳು ನಿನ್ನ ಕೈಲಿ ನಾಲ್ಕು ತರಿಸ್ತಾಳೆ. ಮಿಕ್ಕಿದ್ದನ್ನ ನಾನು ಮಲಗಿದ್ದೀನಿ ಅನ್ಕೊಂಡು ಹಿತ್ತಲ ಕಳ್ಳಿ ಬುಡಕ್ಕೆ ಸುರೀತಾಳೆ. ಕಳ್ಳಿಗೆ ಯಾರಾದ್ರೂ ನೀರು ಹಾಕ್ತಾರೇನೋ?"

"ಅತ್ತೇ!"

ಎರ್ಲಿಂಡಾಳ ಮುಖ ಕಿವಿಯವರೆಗೂ ಕೆಂಪೇರಿತು. ಮೂರು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಬ್ಬರನ್ನೊಬ್ಬರು ನೇರವಾಗಿ ನೋಡಿದರು, ನೋಡುತ್ತಲೇ ನಿಂತರು. ಅವಳ ಬೊಗಸೆಯಿಂದ ಹಕ್ಕಿ ಝುಮ್ಮೆಂದು ಮೇಲೆದ್ದು, ಇಬ್ಬರ ನಡುವೆ ಗಾಳಿಯಲ್ಲಿ ಒಂದು ಗಳಿಗೆ ತಡೆದು, ಬಾಗಿಲ ಬಿಸಿಲಿಗೆ ಹಾರಿತು.

ಅದು ಹೋದದ್ದನ್ನು ಕಂಡವಳು ಮುದುಕಿ ಒಬ್ಬಳೇ.