ಶ್ರಾವಣದ ಸಹಿ

ಶ್ರಾವಣದ ಮೊದಲ ದಿನ, ಮಧ್ಯಾಹ್ನ ಮೂರು ಗಂಟೆ. ನಾಚಾರಂನ ನಮ್ಮ ಮನೆಯಲ್ಲಿದ್ದವರು ಅಪ್ಪ, ಅಕ್ಕ, ನಾನು. ಊದುಬತ್ತಿಯ ವಾಸನೆ ಹತ್ತಿದ ಕಾಗದ ಕೈಗೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಎರಡು ದೇಶಗಳ ಸ್ನೇಹ ಬೆಳೆಯಲೆಂದು ಕೊಡುವ ವಿದ್ಯಾರ್ಥಿವೇತನಕ್ಕೆ ಅಕ್ಕ ಆಯ್ಕೆಯಾಗಿದ್ದಳು. ಜಪಾನಿಗೆ ಹೋಗಿ ಓದಬೇಕಿತ್ತು. ಆಷಾಢದಲ್ಲಿ ಶುಭಕಾರ್ಯ ಬೇಡವೆಂದು ಅಪ್ಪ ಒಪ್ಪಿಗೆ ಪತ್ರವನ್ನು ಸಹಿ ಮಾಡದೆ ದೇವರ ಮುಂದೆ ಇಟ್ಟಿದ್ದರು. ಅಂದು ಅದನ್ನು ತೆಗೆದು, ಮೇಲೆ ಬಿದ್ದಿದ್ದ ಕುಂಕುಮ ಒರೆಸಿ, ಸಹಿ ಮಾಡಿದರು.

“ಕಡೀ ದಿನ ಮುಗದು ನಾಕ್ ದಿನಾತರಿ,” ಎಂದಳು ಅಕ್ಕ.

“ನಾಕ್ ದಿನಕ್ಕ ಏನಾಕ್ಕೈತಿ? ಆಷಾಢ ಇತ್ತಂತ ಒಂದು ಸಾಲು ಬರೀವಾ.”

“ಆಫೀಸಿನವ್ರಿಗೆ ಆಷಾಢ ಇರಂಗಿಲ್ಲರಿ, ಅಪ್ಪಾ.”

ಅಪ್ಪ ಪೆನ್ನಿನ ಮುಚ್ಚಳ ಹಾಕಿದರು. ಅಕ್ಕ ಲಕೋಟೆ ಅಂಟಿಸಿ ಅಂಚೆಪೆಟ್ಟಿಗೆಗೆ ಹಾಕಿ ಬಂದಳು. ಆಮೇಲೆ ಜಪಾನಿನ ಚಳಿಗೆಂದು ಅರ್ಧ ಹೆಣೆದಿದ್ದ ಸ್ವೆಟರನ್ನು ಸಂಜೆಯೊಳಗೆ ಪೂರ್ತಿ ಬಿಚ್ಚಿ, ಉಣ್ಣೆಯನ್ನು ಉಂಡೆ ಸುತ್ತಿಟ್ಟಳು.