ಕಡಲೆಪುರಿಯ ಸಾಲು

ಕಡಲೆಪುರಿಯ ಪೊಟ್ಟಣ ಬಿಚ್ಚಿದಾಗಲೆಲ್ಲ ಇವತ್ತಿಗೂ ನನಗೆ ಒದ್ದೆ ಪಾಚಿಯ ವಾಸನೆ ಬರುತ್ತದೆ.

ಆಗ ನನಗೆ ಒಂಬತ್ತು ವರ್ಷ. ಅಮೆರಿಕದ ಎವರೆಟ್‌ನಲ್ಲಿ ವಿಮಾನ ಜೋಡಿಸುವ ಕೆಲಸದಲ್ಲಿದ್ದ ಅಪ್ಪ ರಜೆಯ ದಿನಗಳಲ್ಲಿ ಬಿಲ್ಲು ಹಿಡಿದು ಬೇಟೆಗೆ ಹೋಗುತ್ತಿದ್ದರು. ಆ ಮಧ್ಯಾಹ್ನ ಅವರು ಬಿಟ್ಟ ಬಾಣ ಜಿಂಕೆಗೆ ತಗುಲಿತು, ಆದರೆ ಎಲ್ಲಿ ನಾಟಿತೋ ಕಾಣಲಿಲ್ಲ. ಜಿಂಕೆ ಜರೀಗಿಡಗಳೊಳಗೆ ನುಗ್ಗಿ ಮರೆಯಾಯಿತು.

"ಅರ್ಧ ಗಂಟೆ ಅಲ್ಲಾಡ್ಬೇಡ," ಎಂದರು ಅಪ್ಪ. "ಈಗ್ಲೇ ಹಿಂದೆ ಹೋದ್ರೆ ನೋವಲ್ಲೇ ಓಡುತ್ತೆ. ಆಮೇಲೂ ನನ್ನ ಹಿಂದೇನೇ ಬಾ."

ಅರ್ಧ ಗಂಟೆ ಕಳೆದ ಮೇಲೆ ಜಾಡು ಹಿಡಿದು ಹೊರಟೆವು. ರಕ್ತದ ಹನಿ ಕಂಡಲ್ಲೆಲ್ಲ ಗುರುತಿಗೆ ಕಟ್ಟಬೇಕಿದ್ದ ಟೇಪು ಕಾರಿನಲ್ಲೇ ಉಳಿದಿತ್ತು. ಅಮ್ಮ ತಿನ್ನಲು ಕಟ್ಟಿಕೊಟ್ಟಿದ್ದ ಕಡಲೆಪುರಿಯನ್ನೇ ನಾನು ಹನಿಗೊಂದು ಚಿಟಿಕೆಯಂತೆ ಪಾಚಿಯ ಮೇಲೆ ಉದುರಿಸುತ್ತ ಹೋದೆ. ತೊರೆಯ ಮೇಲಿನ ದಿಣ್ಣೆಯಲ್ಲಿ ರಕ್ತದ ಗುರುತು ನಿಂತೇ ಹೋಯಿತು. ಅಪ್ಪ ಸುತ್ತಲೂ ಹುಡುಕಿ ಸೋತು, ಮರಕ್ಕೊರಗಿ, "ನಾನು ಹೊಡೀಬಾರ್ದಿತ್ತು," ಎಂದರು.

ನಾನು ಹಿಂದಿರುಗಿ ನೋಡಿದೆ. ಬಿಳಿ ಚುಕ್ಕೆಗಳ ಸಾಲು ನೇರವಾಗಿರಲಿಲ್ಲ. ಮೆಲ್ಲಗೆ ಎಡಕ್ಕೆ, ತೊರೆಯತ್ತ ಬಾಗುತ್ತ ಬಂದಿತ್ತು.

"ಅಪ್ಪಾ, ಲುಕ್! ಅದು ವಾಟರ್ ಕಡೆ ಹೋಗಿದೆ!"

ಜಿಂಕೆ ತೊರೆಯ ದಡದಲ್ಲೇ ಸತ್ತು ಬಿದ್ದಿತ್ತು. ಅಪ್ಪ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತರು. ಆಮೇಲೆ ಅದನ್ನು ಎಳೆದುಕೊಂಡು ಹೊರಡುವಾಗ ನನಗೆ ದಾರಿ ಬಿಟ್ಟರು.

"ನೀನ್ ಮುಂದೆ ನಡಿ ಪುಟ್ಟಿ. ನಾನ್ ಹಿಂದೆ ಬರ್ತೀನಿ."

ಖಾಲಿ ಪೊಟ್ಟಣವನ್ನು ಬಾವುಟದಂತೆ ಎತ್ತಿ ಹಿಡಿದು, ಬಂದ ದಾರಿಯ ಪುರಿಯ ಸಾಲನ್ನೇ ನೋಡುತ್ತ ನಾನು ಮುಂದೆ ನಡೆದೆ. ಆಗಾಗ ತಿರುಗಿ ನೋಡುತ್ತಿದ್ದೆ. ಅಷ್ಟು ಭಾರ ಎಳೆಯುತ್ತಿದ್ದರೂ ಅಪ್ಪ ಪಕ್ಕಕ್ಕೆ ಸರಿದು ಸರಿದು ಬರುತ್ತಿದ್ದರು. ನನ್ನ ಸಾಲನ್ನು ಅವರು ಎಲ್ಲೂ ತುಳಿಯಲಿಲ್ಲ.